ಕಟ್ಟಡ ಗುತ್ತಿಗೆಗೆ, ಗ್ರಂಥಾಲಯ ಎಲ್ಲಿಗೆ?

2016ರ ಮಾರ್ಚ್ 31ರ ಸಂಜೆ, ದಕ್ಷಿಣ ಲಂಡನ್ನಿನ ಹರ್ನ್ ಹಿಲ್ ಬಡಾವಣೆಯ ಕಾರ್ನೆಗಿ ಗ್ರಂಥಾಲಯದಲ್ಲಿ ಬಾಗಿಲು ಹಾಕುವ ಹೊತ್ತಾದರೂ ಜನರು ಜಾಗ ಬಿಟ್ಟು ಏಳಲಿಲ್ಲ. ಅಲ್ಲಿನ ಸ್ಥಳೀಯ ಆಡಳಿತವಾದ ಲ್ಯಾಂಬೆತ್ ಕೌನ್ಸಿಲ್ಲಿನ ತೀರ್ಮಾನದಂತೆ ಆ ಗ್ರಂಥಾಲಯಕ್ಕೆ ಅದೇ ಕಡೆಯ ದಿನವಾಗಿತ್ತು. ಓದಲು ಬಂದವರು, ಮಕ್ಕಳನ್ನು ಕರೆತಂದವರು, ನೆರೆಹೊರೆಯವರು ಎಲ್ಲರೂ ಒಳಗೇ ಉಳಿದರು; ರಾತ್ರಿ ಪುಸ್ತಕದ ಕಪಾಟುಗಳ ನಡುವೆಯೇ ಹಾಸಿಕೊಂಡು ಮಲಗಿದರು. ಕೌನ್ಸಿಲ್ ನ್ಯಾಯಾಲಯಕ್ಕೆ ಹೋಗಿ ಕಟ್ಟಡದ ಸ್ವಾಧೀನದ ಆದೇಶ ತಂದ ಮೇಲೆ, ಹತ್ತನೆಯ ದಿನವಾದ ಏಪ್ರಿಲ್ 9ರಂದು, ಅವರು ಮೆರವಣಿಗೆಯಲ್ಲಿ ಹೊರಬಂದರು.

ದೂರದಿಂದ ನೋಡುವವರಿಗೆ ಇದರಲ್ಲಿ ಒಂದು ಗೋಜಲು ಕಾಣುತ್ತದೆ. ಕೌನ್ಸಿಲ್ ಆ ಕಟ್ಟಡವನ್ನು ಮಾರಲು ಹೊರಟಿರಲಿಲ್ಲ, ಕೆಡವಲೂ ಹೊರಟಿರಲಿಲ್ಲ. ಅದನ್ನು ‘ಆರೋಗ್ಯಕರ ಜೀವನ ಕೇಂದ್ರ’ವನ್ನಾಗಿ ಮಾಡಿ, ಜಿಎಲ್‌ಎಲ್ ಎಂಬ ಸಂಸ್ಥೆಯ ಮೂಲಕ ಅಲ್ಲಿ ವ್ಯಾಯಾಮಶಾಲೆ ನಡೆಸಿ, ಒಂದು ಭಾಗದಲ್ಲಿ ಪುಸ್ತಕಗಳನ್ನೂ ಇಡುವುದಾಗಿ ಹೇಳಿತ್ತು. ಕಟ್ಟಡ ಕೌನ್ಸಿಲ್ಲಿನದಾಗಿಯೇ ಉಳಿಯುತ್ತದೆ, ಪುಸ್ತಕಗಳೂ ಇರುತ್ತವೆ ಎಂದಾದ ಮೇಲೆ ಜನರ ತಕರಾರು ಯಾವುದರ ಬಗ್ಗೆ? ಇದಕ್ಕೆ ಉತ್ತರ ಸಿಗಬೇಕಾದರೆ, ಗ್ರಂಥಾಲಯ ಎಂಬ ಒಂದೇ ಪದದೊಳಗೆ ಕಟ್ಟಡ ಮತ್ತು ಸೇವೆ ಎಂಬ ಎರಡು ಬೇರೆ ಬೇರೆ ವಸ್ತುಗಳು ಸೇರಿಕೊಂಡಿವೆ ಎಂಬುದನ್ನು ಮೊದಲು ಗಮನಿಸಬೇಕು. ಬಳಸುವವರಿಗೆ ಅವೆರಡೂ ಒಂದೇ. ಕಾನೂನಿಗೆ ಹಾಗಲ್ಲ; ಕಟ್ಟಡಕ್ಕೆ ಒಂದು ಕಾಯ್ದೆ, ಸೇವೆಗೆ ಇನ್ನೊಂದು ಕಾಯ್ದೆ. ಇವೆರಡನ್ನೂ ಕೂಡಿಸಿರುವ ಬೆಸುಗೆಯನ್ನು ಕಾಯುವ ಕಾಯ್ದೆ ಮಾತ್ರ ಇಲ್ಲ. ಕಟ್ಟಡವನ್ನು ಬೇರೊಂದು ಸಂಸ್ಥೆಯ ಕೈಗೆ ಕೊಡುವ ಗುತ್ತಿಗೆ ಪತ್ರವು ಬಿಚ್ಚುವುದು ಸರಿಯಾಗಿ ಆ ಬೆಸುಗೆಯನ್ನೇ.

ಹರ್ನ್ ಹಿಲ್ ಗ್ರಂಥಾಲಯ ತೆರೆದದ್ದು 1906ರ ಜುಲೈನಲ್ಲಿ. ಕೆಂಪು ಇಟ್ಟಿಗೆಯ ಆ ಕಟ್ಟಡಕ್ಕೆ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 12,500 ಪೌಂಡ್ ಕೊಟ್ಟಿದ್ದರು. ಅವರ ಹಣದಿಂದ ಜಗತ್ತಿನಾದ್ಯಂತ ಎದ್ದ ಗ್ರಂಥಾಲಯಗಳ ಸಂಖ್ಯೆ 2,500ಕ್ಕಿಂತ ಹೆಚ್ಚು. ಅವುಗಳಲ್ಲಿ ಸುಮಾರು 660 ಬ್ರಿಟನ್ ಮತ್ತು ಐರ್ಲೆಂಡಿನಲ್ಲಿದ್ದವು. ಅವರ ಕೊಡುಗೆಯ ಪದ್ಧತಿ ವಿಶಿಷ್ಟವಾದದ್ದು. ಕಟ್ಟಡದ ಹಣ ನನ್ನದು, ಆದರೆ ನಿವೇಶನವನ್ನು ಊರಿನ ಆಡಳಿತ ಕೊಡಬೇಕು, ನಡೆಸುವ ವೆಚ್ಚಕ್ಕಾಗಿ ವರ್ಷವರ್ಷವೂ ತೆರಿಗೆಯಿಂದ ಹಣ ಎತ್ತಿಡಬೇಕು ಎಂಬುದು ಅವರ ಷರತ್ತಾಗಿತ್ತು. ಆ ಕಾಲದ ಬ್ರಿಟನ್ನಿನಲ್ಲಿ ಗ್ರಂಥಾಲಯಕ್ಕೆಂದು ಎತ್ತಬಹುದಾದ ತೆರಿಗೆಗೆ ಮಿತಿಯಿತ್ತು: ಆಸ್ತಿಯ ತೆರಿಗೆ ಮೌಲ್ಯದ ಪ್ರತಿ ಪೌಂಡಿಗೆ ಒಂದು ಪೆನ್ನಿ, ಅಂದರೆ 240ರಲ್ಲಿ ಒಂದು ಭಾಗ. ಇಷ್ಟು ಸಣ್ಣ ಮೊತ್ತದಲ್ಲಿ ಕಟ್ಟಡವನ್ನೂ ಕಟ್ಟಿ ಪುಸ್ತಕವನ್ನೂ ಕೊಳ್ಳಲು ಸಾಧ್ಯವಿಲ್ಲದ ಊರುಗಳಿಗೆ ಕಾರ್ನೆಗಿಯ ಹಣ ದೊಡ್ಡ ಆಸರೆಯಾಯಿತು. ಕಟ್ಟಡ ಕಟ್ಟುವುದು ಒಮ್ಮೆ ಮುಗಿಯುವ ಕೆಲಸ, ನಡೆಸುವುದು ಮುಗಿಯದ ಕೆಲಸ ಎಂಬುದನ್ನು ಆ ಉದ್ಯಮಿ ಚೆನ್ನಾಗಿ ಬಲ್ಲವರಾಗಿದ್ದರು. ಪೆನ್ನಿಯ ಮಿತಿಯನ್ನು 1919ರಲ್ಲಿ ತೆಗೆದುಹಾಕಲಾಯಿತು. ಅಂದಿನಿಂದ ಗ್ರಂಥಾಲಯದ ಹಣವು ಕೌನ್ಸಿಲ್ಲಿನ ಒಟ್ಟು ಆಯವ್ಯಯದೊಳಗೆ ಸೇರಿಹೋಯಿತು. ಮಿತಿ ಹೋದದ್ದರ ಜೊತೆಗೆ ಮೀಸಲೂ ಹೋಯಿತು.

ಲ್ಯಾಂಬೆತ್ ಕೌನ್ಸಿಲ್ಲಿನ ವಾದವನ್ನೂ ನ್ಯಾಯವಾಗಿ ಹೇಳಬೇಕು. 2010ರ ನಂತರ ಕೇಂದ್ರ ಸರ್ಕಾರದಿಂದ ಬರುವ ಅನುದಾನ ಅರ್ಧಕ್ಕಿಂತ ಹೆಚ್ಚು ಕಡಿತವಾಗಿದೆ, ವೃದ್ಧರ ಮತ್ತು ಮಕ್ಕಳ ಆರೈಕೆಯಂಥ ಹೊಣೆಗಳನ್ನು ಬಿಡಲಾಗದು, ಆದ್ದರಿಂದ ಹತ್ತು ಗ್ರಂಥಾಲಯಗಳನ್ನು ಮೊದಲಿನಂತೆ ನಡೆಸಲಾಗದು ಎಂದು ಅದು ಹೇಳಿತು. 2015ರ ಅಕ್ಟೋಬರಿನಲ್ಲಿ ಅದರ ಸಂಪುಟ ಒಪ್ಪಿದ ಯೋಜನೆಯಲ್ಲಿ ಕಾರ್ನೆಗಿ, ಮಿನೆಟ್ ಮೊದಲಾದ ಗ್ರಂಥಾಲಯಗಳಿಗೆ ವ್ಯಾಯಾಮಶಾಲೆಯ ಪಾಲು ಬಂತು. ಜಿಎಲ್‌ಎಲ್ ಕೂಡ ಕೇವಲ ಲಾಭಕ್ಕಾಗಿ ನಡೆಯುವ ಕಂಪನಿಯಲ್ಲ. 1993ರಲ್ಲಿ ಗ್ರೀನಿಚ್‌ನ ಈಜುಕೊಳ, ಕ್ರೀಡಾಂಗಣಗಳ ನೌಕರರೇ ಸೇರಿ ರೂಪಿಸಿದ ಸಾಮಾಜಿಕ ಉದ್ಯಮ ಅದು. ಲಂಡನ್ನಿನ ಬೇರೆ ಕೆಲವು ಕೌನ್ಸಿಲ್ಲುಗಳ ಪರವಾಗಿ ಗ್ರಂಥಾಲಯಗಳನ್ನೂ ನಡೆಸುತ್ತದೆ. ವ್ಯಾಯಾಮಶಾಲೆಯ ಆದಾಯದಿಂದ ಕಟ್ಟಡದ ಖರ್ಚು ಹುಟ್ಟುತ್ತದೆ, ಹಾಗಾಗಿ ಬಾಗಿಲು ಮುಚ್ಚುವುದಕ್ಕಿಂತ ಇದು ಮೇಲು ಎಂಬ ಲೆಕ್ಕ ಮೇಲ್ನೋಟಕ್ಕೆ ತಪ್ಪೆನಿಸುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಗ್ರಂಥಾಲಯಕ್ಕೆ ಉಳಿದದ್ದು ಪುಸ್ತಕದ ಕಪಾಟು ಮತ್ತು ಎರವಲು ಪಡೆಯುವ ಯಂತ್ರ. ಗ್ರಂಥಪಾಲಕರು ದಿನದ ಹೆಚ್ಚು ಹೊತ್ತು ಇರುವುದಿಲ್ಲ. ಗ್ರಂಥಾಲಯ ಸೇವೆಯ ಮುಖ್ಯಸ್ಥರೇ ನೌಕರರೂ ನಾಗರಿಕರೂ ಕೂಡಿ ನಡೆಸುವ ಬೇರೊಂದು ಪರ್ಯಾಯವನ್ನು ಮುಂದಿಟ್ಟಿದ್ದರೂ ಕೌನ್ಸಿಲ್ ಅದನ್ನು ಸ್ವೀಕರಿಸಲಿಲ್ಲ. ಜನರ ಸಿಟ್ಟು ಇಮ್ಮಡಿಯಾದದ್ದು ಇದರಿಂದ.

ಇನ್ನು ಗುತ್ತಿಗೆಯ ವಿಷಯ. ಕನ್ನಡದ ಓದುಗರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು, ಏಕೆಂದರೆ ಬೆಂಗಳೂರಿನಲ್ಲಿ ‘ಮನೆ ಲೀಸಿಗಿದೆ’ ಎಂದರೆ ಭೋಗ್ಯಕ್ಕಿದೆ ಎಂದೇ ಅರ್ಥ: ಒಂದು ಇಡಿಗಂಟನ್ನು ಮೊದಲೇ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಗಂಟನ್ನು ವಾಪಸು ಪಡೆಯುವ ವ್ಯವಸ್ಥೆ. ಇಂಗ್ಲೆಂಡಿನ ಗುತ್ತಿಗೆ ಇದಕ್ಕಿಂತ ಬಹಳ ಭಾರವಾದದ್ದು. ಅಲ್ಲಿ ನೆಲದ ಮೂಲ ಒಡೆತನ ಒಬ್ಬರಲ್ಲಿದ್ದರೂ, 25, 99 ಅಥವಾ 125 ವರ್ಷಗಳ ಗುತ್ತಿಗೆ ಪಡೆದವರು ಆ ಅವಧಿಯುದ್ದಕ್ಕೂ ಬಹುಮಟ್ಟಿಗೆ ಒಡೆಯರಂತೆಯೇ ವರ್ತಿಸಬಹುದು. ಪತ್ರದಲ್ಲಿ ಅವಕಾಶವಿದ್ದರೆ ಆ ಹಕ್ಕನ್ನು ಇನ್ನೊಬ್ಬರಿಗೆ ದಾಟಿಸಬಹುದು, ಒಳಗುತ್ತಿಗೆಗೆ ಕೊಡಬಹುದು. ‘ನಾವು ಮಾರುತ್ತಿಲ್ಲ, ಗುತ್ತಿಗೆಗೆ ಕೊಡುತ್ತಿದ್ದೇವೆ ಅಷ್ಟೆ’ ಎಂಬ ಆಡಳಿತದ ಮಾತು ಕಾಗದದ ಮೇಲೆ ನಿಜವಾದರೂ, 99 ವರ್ಷದ ಗುತ್ತಿಗೆಯೆಂದರೆ ಈಗ ಆ ಊರಿನಲ್ಲಿರುವ ಯಾವ ಓದುಗನೂ ಅದರ ಕೊನೆಯನ್ನು ಕಾಣಲಾರ.

ಬಾಡಿಗೆಯ ಮಾತು ಬಂದಾಗ ಅಲ್ಲಿ ಒಂದು ಸ್ವಾರಸ್ಯಕರ ಪದ್ಧತಿಯಿದೆ. ನಾಮಮಾತ್ರದ ಬಾಡಿಗೆಯನ್ನು ಅವರು ‘ಒಂದು ಕಾಳುಮೆಣಸು’ ಎಂದು ಕರೆಯುತ್ತಾರೆ. ಏನನ್ನೂ ಪಡೆಯದೆ ಕೊಟ್ಟ ಮಾತು ಕರಾರಾಗುವುದಿಲ್ಲ, ಪ್ರತಿಫಲ ಎಷ್ಟೇ ಸಣ್ಣದಿದ್ದರೂ ಸರಿ ಎಂಬ ಕಾನೂನಿನ ತತ್ತ್ವದಿಂದ ಹುಟ್ಟಿದ ಮಾತು ಅದು. ಒಂದು ಕಾಲಕ್ಕೆ ನಮ್ಮ ಮಲೆನಾಡು, ಕರಾವಳಿಗಳಿಂದ ಹೋದ ಮೆಣಸಿಗೆ ಯುರೋಪಿನಲ್ಲಿ ಎಂಥ ಬೆಲೆಯಿತ್ತೆಂಬುದನ್ನು ನೆನೆದರೆ, ಅದೇ ಕಾಳು ಬಾಡಿಗೆ ಪತ್ರದಲ್ಲಿ ‘ಬೆಲೆಯಿಲ್ಲದ್ದು’ ಎಂಬುದರ ಗುರುತಾಗಿ ಉಳಿದದ್ದು ವಿಚಿತ್ರವೇ. ಸಮುದಾಯದ ಟ್ರಸ್ಟ್‌ಗಳಿಗೆ ಕಟ್ಟಡ ಕೊಡುವಾಗ ಕೌನ್ಸಿಲ್ಲುಗಳು ಎಷ್ಟೋ ಸಲ ಇಂಥ ಬಾಡಿಗೆಗೇ ಕೊಡುತ್ತವೆ. ಆದರೆ ಅದರ ಜೊತೆಗೆ ಇನ್ನೊಂದು ಷರತ್ತು ಬರುವುದುಂಟು: ಗೋಡೆ, ಮಾಡು, ಕೊಳವೆ, ವಿಮೆ ಎಲ್ಲದರ ದುರಸ್ತಿಯ ಹೊಣೆ ಗುತ್ತಿಗೆದಾರರದು. ನೂರು ವರ್ಷ ದಾಟಿದ ಕಟ್ಟಡದ ಸೋರುವ ಮಾಡಿಗೆ ಹೋಲಿಸಿದರೆ ಬಾಡಿಗೆ ಏನೇನೂ ಅಲ್ಲ. ಕಾಳುಮೆಣಸಿನ ಬಾಡಿಗೆಗೆ ಮರುಳಾದ ಟ್ರಸ್ಟ್ ದುರಸ್ತಿಯ ಪುಟವನ್ನು ಓದಿದ ಮೇಲೆ ಬೆವರುವುದು ಸಹಜ.

ಈಗ ಕಾಯ್ದೆಗಳನ್ನು ಒಂದೊಂದಾಗಿ ನೋಡೋಣ. 1964ರ ಸಾರ್ವಜನಿಕ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಕಾಯ್ದೆಯ 7ನೆಯ ಸೆಕ್ಷನ್ ಪ್ರಕಾರ, ‘ಸಮಗ್ರವೂ ದಕ್ಷವೂ’ ಆದ ಗ್ರಂಥಾಲಯ ಸೇವೆ ಒದಗಿಸುವುದು ಇಂಗ್ಲೆಂಡಿನ ಗ್ರಂಥಾಲಯ ಪ್ರಾಧಿಕಾರಗಳ ಕರ್ತವ್ಯ. ಇದು ಇಚ್ಛೆಗೆ ಬಿಟ್ಟದ್ದಲ್ಲ. ಆದರೆ ಸಮಗ್ರ ಎಂದರೆ ಎಷ್ಟು, ದಕ್ಷ ಎಂದರೆ ಹೇಗೆ ಎಂಬುದನ್ನು ಕಾಯ್ದೆ ಅಳೆದು ಹೇಳುವುದಿಲ್ಲ. ಇಂಥ ಬೀದಿಯಲ್ಲಿ ಇಂಥ ಕಟ್ಟಡ ಇರಲೇಬೇಕೆಂದೂ ಹೇಳುವುದಿಲ್ಲ. ಹತ್ತರಲ್ಲಿ ಎರಡನ್ನು ಕಳೆದರೂ ಉಳಿದ ಎಂಟು ಸಮಗ್ರವೇ ಎಂದು ಕೌನ್ಸಿಲ್ ವಾದಿಸಬಹುದು. ಅತ್ತ ಕಟ್ಟಡವನ್ನು ಆಳುವುದು 1972ರ ಸ್ಥಳೀಯ ಆಡಳಿತ ಕಾಯ್ದೆಯ 123ನೆಯ ಸೆಕ್ಷನ್. ಕೌನ್ಸಿಲ್ ತನ್ನ ಸ್ವತ್ತನ್ನು ಪರಭಾರೆ ಮಾಡುವಾಗ, ನ್ಯಾಯವಾಗಿ ದಕ್ಕಬಹುದಾದ ಅತ್ಯುತ್ತಮ ಬೆಲೆಯನ್ನೇ ಪಡೆಯಬೇಕೆಂದು ಅದು ವಿಧಿಸುತ್ತದೆ. ಏಳು ವರ್ಷಕ್ಕೆ ಮೀರದ ಗುತ್ತಿಗೆಗೆ ಈ ನಿಯಮದಿಂದ ವಿನಾಯಿತಿಯಿದೆ. 2003ರಲ್ಲಿ ಸರ್ಕಾರ ಕೊಟ್ಟ ಸಾಮಾನ್ಯ ಸಮ್ಮತಿಯಂತೆ, ಊರಿನ ಆರ್ಥಿಕ, ಸಾಮಾಜಿಕ ಅಥವಾ ಪರಿಸರದ ಹಿತಕ್ಕಾಗಿ ಆಗುವುದಾದರೆ 20 ಲಕ್ಷ ಪೌಂಡಿನವರೆಗೆ ಕಡಿಮೆ ಬೆಲೆಗೂ ಕೊಡಬಹುದು. ಅಂದರೆ, ಕಟ್ಟಡದ ಕಾಯ್ದೆ ಬೆಲೆಯನ್ನು ಕೇಳುತ್ತದೆ, ಓದುಗರನ್ನು ಕೇಳುವುದಿಲ್ಲ.

2011ರ ಸ್ಥಳೀಯತಾ ಕಾಯ್ದೆ ಈ ಅಂತರವನ್ನು ತುಂಬಲು ಮಾಡಿದ ಒಂದು ಪ್ರಯತ್ನ. ಊರಿನ ಗುಂಪೊಂದು ಅರ್ಜಿ ಕೊಟ್ಟು ಗ್ರಂಥಾಲಯವನ್ನೋ ಹೋಟೆಲನ್ನೋ ‘ಸಮುದಾಯ ಮೌಲ್ಯದ ಸ್ವತ್ತು’ ಎಂದು ಐದು ವರ್ಷಗಳ ಮಟ್ಟಿಗೆ ಪಟ್ಟಿಗೆ ಸೇರಿಸಬಹುದು. ಹಾಗೆ ಸೇರಿದ ಸ್ವತ್ತನ್ನು ಒಡೆಯರು ಮಾರಲು ಹೊರಟರೆ, ಆರು ವಾರಗಳೊಳಗೆ ಊರಿನ ಗುಂಪು ತಾನೂ ಕೊಳ್ಳಲು ಬಯಸುವುದಾಗಿ ತಿಳಿಸಬಹುದು. ತಿಳಿಸಿದರೆ ಒಟ್ಟು ಆರು ತಿಂಗಳು ವ್ಯವಹಾರ ತಡೆಯಲ್ಲಿರುತ್ತದೆ. ಕೇಳಲು ಚೆನ್ನಾಗಿದೆ, ಆದರೆ ತೂತುಗಳು ಎರಡಿವೆ. ಆರು ತಿಂಗಳಾದ ಮೇಲೆ ಒಡೆಯರು ಯಾರಿಗೆ ಬೇಕಾದರೂ ಕೊಡಬಹುದು. ಊರಿನವರಿಗೆ ಸಿಗುವುದು ಕಾಲಾವಕಾಶ ಮಾತ್ರ, ಸ್ವತ್ತಲ್ಲ. ಎರಡನೆಯದು ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದ್ದು: ಗುತ್ತಿಗೆ 25 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯದಾಗಿದ್ದರೆ ಮಾತ್ರ ಈ ತಡೆ ಅನ್ವಯಿಸುತ್ತದೆ. 24 ವರ್ಷದ ಗುತ್ತಿಗೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಗುತ್ತಿಗೆ ಪತ್ರ ಕೈಗೆ ಸಿಕ್ಕ ಕೂಡಲೇ ಬಲ್ಲವರು ಮೊದಲು ವರ್ಷದ ಅಂಕಿಯನ್ನು ಹುಡುಕುವುದು ಇದೇ ಕಾರಣಕ್ಕೆ.

ಇದಲ್ಲದೆ ನಗರ ಯೋಜನೆಯ ದಾರಿಯೂ ಇದೆ. ಆ ಕಾಲದ ನಿಯಮಗಳಲ್ಲಿ ಗ್ರಂಥಾಲಯ ಒಂದು ಬಳಕೆಯ ವರ್ಗಕ್ಕೆ, ವ್ಯಾಯಾಮಶಾಲೆ ಇನ್ನೊಂದು ವರ್ಗಕ್ಕೆ ಸೇರಿದ್ದರಿಂದ ಬಳಕೆ ಬದಲಾವಣೆಗೆ ಅನುಮತಿ ಬೇಕಿತ್ತು. ಹರ್ನ್ ಹಿಲ್ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದುದರಿಂದ ವ್ಯಾಯಾಮಶಾಲೆಗಾಗಿ ನೆಲಮಾಳಿಗೆ ಅಗೆಯಲು ಪ್ರತ್ಯೇಕ ಸಮ್ಮತಿಯೂ ಬೇಕಿತ್ತು. ನೂರಾರು ಆಕ್ಷೇಪಣೆಗಳನ್ನು ಸಲ್ಲಿಸಲು ಇದೊಂದು ಒಳ್ಳೆಯ ವೇದಿಕೆ. ಆದರೆ ಅನುಮತಿ ಕೇಳುವ ಕೌನ್ಸಿಲ್ಲೇ ಅನುಮತಿ ಕೊಡುವ ಪ್ರಾಧಿಕಾರವೂ ಆಗಿರುವಾಗ ಆಕ್ಷೇಪಣೆಗಳ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಬೆಸುಗೆಯ ಪ್ರಶ್ನೆಯನ್ನು ಅಧಿಕೃತವಾಗಿ ಎತ್ತಿ ತೋರಿದ ಪ್ರಕರಣ ನನಗೆ ತಿಳಿದಂತೆ ಒಂದೇ, ಅದು ವಿರ‍್ರಲ್‌ನದು. ಲಿವರ್‌ಪೂಲ್ ಎದುರಿನ ಆ ಪ್ರದೇಶದ ಕೌನ್ಸಿಲ್ 2009ರಲ್ಲಿ ತನ್ನ 24 ಗ್ರಂಥಾಲಯಗಳಲ್ಲಿ 11ನ್ನು ಮುಚ್ಚಲು ತೀರ್ಮಾನಿಸಿತು. ಜನರ ಒತ್ತಾಯದ ಮೇಲೆ ಸಚಿವರು 1964ರ ಕಾಯ್ದೆಯಡಿ ವಿಚಾರಣೆಗೆ ಆದೇಶಿಸಿದರು. ಅಂಥ ಔಪಚಾರಿಕ ವಿಚಾರಣೆ ಅತ್ಯಪರೂಪ. ವಿಚಾರಣೆ ನಡೆಸಿದ ಸೂ ಚಾರ್ಟರಿಸ್ ಅವರು ಕೌನ್ಸಿಲ್ ತನ್ನ ಕರ್ತವ್ಯವನ್ನು ಉಲ್ಲಂಘಿಸಿದೆ ಎಂದೇ ಬರೆದರು. ಅವರ ಕಾರಣ ಗಮನಾರ್ಹ. ಎಷ್ಟು ಗ್ರಂಥಾಲಯ ಇರಬೇಕೆಂಬ ಸಂಖ್ಯೆಯ ಗೋಜಿಗೆ ಅವರು ಹೋಗಲಿಲ್ಲ. ಊರಿನ ಜನರಿಗೆ ಯಾವ ಸೇವೆ ಬೇಕಾಗಿದೆ ಎಂಬುದನ್ನು ಅಳೆಯದೆ, ಕೌನ್ಸಿಲ್ಲಿನ ಆಸ್ತಿಗಳ ಪರಿಶೀಲನೆಯೊಂದನ್ನೇ ಆಧಾರ ಮಾಡಿಕೊಂಡು ಈ ತೀರ್ಮಾನ ಬಂದಿದೆ ಎಂಬುದು ಅವರ ಆಕ್ಷೇಪ. ಸೇವೆಯ ಪ್ರಶ್ನೆಗೆ ಕಟ್ಟಡದ ಲೆಕ್ಕದಿಂದ ಉತ್ತರ ಕೊಟ್ಟದ್ದೇ ತಪ್ಪು ಎಂದಂತಾಯಿತು. ಕೌನ್ಸಿಲ್ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು.

ನ್ಯಾಯಾಲಯಗಳಲ್ಲಿ ಫಲ ಮಿಶ್ರವಾಗಿತ್ತು. 2011ರ ನವೆಂಬರಿನಲ್ಲಿ ಗ್ಲಾಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ಕೌನ್ಸಿಲ್ಲುಗಳ ಗ್ರಂಥಾಲಯ ಕಡಿತವನ್ನು ಹೈಕೋರ್ಟ್ ರದ್ದುಪಡಿಸಿತು. ವೃದ್ಧರು, ಅಂಗವಿಕಲರು, ಮಕ್ಕಳು ಮೊದಲಾದವರ ಮೇಲಾಗುವ ಪರಿಣಾಮವನ್ನು ಸಮಾನತಾ ಕಾಯ್ದೆ ಬಯಸುವಂತೆ ಪರಿಗಣಿಸಿಲ್ಲ ಎಂಬುದು ಕಾರಣ. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಬ್ರೆಂಟ್ ಕೌನ್ಸಿಲ್ ತನ್ನ 12 ಗ್ರಂಥಾಲಯಗಳಲ್ಲಿ 6ನ್ನು ಮುಚ್ಚಿದ್ದನ್ನು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ನ್ಯಾಯಾಲಯ ನೋಡುವುದು ತೀರ್ಮಾನಕ್ಕೆ ಬಂದ ದಾರಿಯನ್ನು. ದಾರಿ ಕ್ರಮವಾಗಿದ್ದರೆ, ತೀರ್ಮಾನ ಊರಿಗೆ ಎಷ್ಟೇ ಕಹಿಯಾಗಿದ್ದರೂ ಅದು ಕೈ ಹಾಕುವುದಿಲ್ಲ.

ಬ್ರೆಂಟ್‌ನ ಆ ಆರರಲ್ಲಿ ಕೆನ್ಸಲ್ ರೈಸ್ ಒಂದು. 1900ರಲ್ಲಿ ಲೇಖಕ ಮಾರ್ಕ್ ಟ್ವೈನ್ ಉದ್ಘಾಟಿಸಿದ ವಾಚನಾಲಯ ಅದು. ಅದರ ನಿವೇಶನವನ್ನು ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜು ದಾನವಾಗಿ ಕೊಡುವಾಗ, ಉಚಿತ ವಾಚನಾಲಯವಾಗಿ ಉಳಿಯದಿದ್ದರೆ ಸ್ವತ್ತು ತನಗೇ ಮರಳಬೇಕೆಂಬ ಷರತ್ತನ್ನು ದಾನಪತ್ರದಲ್ಲಿ ಬರೆದಿತ್ತು. ಬೆಸುಗೆಯನ್ನು ಕಾಯುವ ಬರಹವೊಂದು ಎಲ್ಲಾದರೂ ಇತ್ತೆಂದರೆ ಅದು ಇಲ್ಲಿ. ಆದರೆ ಶತಮಾನದ ನಂತರ ಅದೇ ಷರತ್ತು ತಿರುಗಿ ಕಚ್ಚಿತು: ಕೌನ್ಸಿಲ್ ಬಾಗಿಲು ಮುಚ್ಚಿದೊಡನೆ ಕಟ್ಟಡ ಕಾಲೇಜಿನ ಪಾಲಾಯಿತು, ಊರಿನವರು ಅದನ್ನು ಕಟ್ಟಡ ನಿರ್ಮಾಪಕರ ಕೈಯಿಂದ ಉಳಿಸಲು ಹೆಣಗಬೇಕಾಯಿತು. 2012ರ ಮೇ ತಿಂಗಳ ಒಂದು ನಡುರಾತ್ರಿ ಪೊಲೀಸರ ಕಾವಲಿನಲ್ಲಿ ಕೌನ್ಸಿಲ್ ಸಿಬ್ಬಂದಿ ಪುಸ್ತಕಗಳನ್ನೂ ಟ್ವೈನ್ ಹೆಸರಿನ ಫಲಕವನ್ನೂ ಹೊತ್ತೊಯ್ದರು.

ಅದೇ ವರ್ಷ ಉತ್ತರ ಲಂಡನ್ನಿನ ಫ್ರಯರ್ನ್ ಬಾರ್ನೆಟ್‌ನಲ್ಲಿ ಕಥೆ ಬೇರೆ ರೀತಿ ತಿರುಗಿತು. ಏಪ್ರಿಲಿನಲ್ಲಿ ಮುಚ್ಚಿದ ಗ್ರಂಥಾಲಯವನ್ನು ಸೆಪ್ಟೆಂಬರಿನಲ್ಲಿ ಹೊರಗಿನ ಹೋರಾಟಗಾರರು ಹೊಕ್ಕು ತೆರೆದರು, ಊರಿನವರು ಮನೆಮನೆಯಿಂದ ಪುಸ್ತಕ ತಂದು ತುಂಬಿದರು. 2013ರ ಫೆಬ್ರವರಿಯಲ್ಲಿ ಕೌನ್ಸಿಲ್ ಅದನ್ನು ಊರಿನ ಸಂಸ್ಥೆಗೇ ಗುತ್ತಿಗೆಗೆ ಕೊಟ್ಟಿತು. ಹೋರಾಟ ಗೆದ್ದಿತು ಎನ್ನಬಹುದು. ಆದರೆ ಈ ಗೆಲುವಿನ ಬಗ್ಗೆ ಹೋರಾಟಗಾರರಲ್ಲೇ ಭಿನ್ನಮತವಿರುವುದನ್ನು ಮರೆಯಬಾರದು. ಸಂಬಳದ ಗ್ರಂಥಪಾಲಕರ ಜಾಗಕ್ಕೆ ಸ್ವಯಂಸೇವಕರು ಬಂದರೆ, ಕೌನ್ಸಿಲ್ ಬಿಟ್ಟ ಹೊಣೆಯನ್ನು ನಾವೇ ಹೆಗಲಿಗೇರಿಸಿಕೊಂಡು ಕಡಿತಕ್ಕೆ ದಾರಿ ಮಾಡಿಕೊಟ್ಟಂತಲ್ಲವೇ ಎಂದು ಒಂದು ಪಕ್ಷ ಕೇಳುತ್ತದೆ. ಬೀಗ ಬಿದ್ದ ಬಾಗಿಲಿಗಿಂತ ಅರೆತೆರೆದ ಬಾಗಿಲು ಲೇಸು ಎನ್ನುತ್ತದೆ ಇನ್ನೊಂದು ಪಕ್ಷ. ಹರ್ನ್ ಹಿಲ್‌ನಲ್ಲೂ ಈ ಬಿರುಕು ಇತ್ತು. ಕಟ್ಟಡದ ಹೊಣೆ ಹೊರಲು ಕಾರ್ನೆಗಿ ಕಮ್ಯುನಿಟಿ ಟ್ರಸ್ಟ್ ಮುಂದೆ ಬಂದಿತ್ತು. ಗ್ರಂಥಾಲಯದ ಗೆಳೆಯರ ಬಳಗ ಅದನ್ನು ಸಂಶಯದಿಂದಲೇ ಕಾಣುತ್ತಿತ್ತು. ‘ಸಮುದಾಯದ ವಿರೋಧ’ ಎಂದು ಪತ್ರಿಕೆಗಳು ಬರೆಯುವುದು ಒಂದೇ ದನಿಯಂತೆ ಕೇಳಿಸಿದರೂ ಒಳಗಿನ ಮಾತುಕತೆ ಯಾವಾಗಲೂ ಇಷ್ಟು ಜಟಿಲ. ನನ್ನ ಅಭಿಪ್ರಾಯ ಮೊದಲ ಪಕ್ಷದ ಕಡೆಗೇ ವಾಲುತ್ತದೆ, ಆದರೆ ಬೀಗ ಬಿದ್ದ ಗ್ರಂಥಾಲಯದ ಎದುರು ನಿಂತ ತಾಯಿಯೊಬ್ಬಳಿಗೆ ಆ ಅಭಿಪ್ರಾಯವನ್ನು ಒಪ್ಪಿಸುವ ಧೈರ್ಯ ನನಗಿಲ್ಲ.

ಕನ್ನಡಿಗರಿಗೆ ಈ ಕಥೆಯಲ್ಲಿ ಒಂದು ಹಳೆಯ ನಂಟೂ ಇದೆ. ಲ್ಯಾಂಬೆತ್‌ಗೆ ಹೊಂದಿಕೊಂಡಿರುವ ಕ್ರಾಯ್ಡನ್ ಸಾರ್ವಜನಿಕ ಗ್ರಂಥಾಲಯದಲ್ಲಿಯೇ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1924–25ರಲ್ಲಿ, ಅಲ್ಲಿನ ಮುಖ್ಯ ಗ್ರಂಥಪಾಲಕ ಬರ್ವಿಕ್ ಸೇಯರ್ಸ್ ಅವರ ಬಳಿ ಕೆಲಸ ಕಲಿತದ್ದು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವನ್ನು ಕಟ್ಟಿದ, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ ಅವರು, ಗ್ರಂಥಾಲಯಕ್ಕೆ ಕಾಯ್ದೆಯ ಮತ್ತು ಕರದ ಬೆಂಬಲ ಇರಲೇಬೇಕೆಂದು ಬದುಕಿನುದ್ದಕ್ಕೂ ವಾದಿಸಿದರು. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಲ್ಲಿ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆಯ ಗ್ರಂಥಾಲಯ ಕರವಿದೆ. ಇಂಗ್ಲೆಂಡ್ 1919ರಲ್ಲಿ ಕಳೆದುಕೊಂಡ ಮೀಸಲು ನಮ್ಮಲ್ಲಿ ಕಾಗದದ ಮೇಲೆ ಇನ್ನೂ ಇದೆ. ಆ ಕರವನ್ನು ವಸೂಲು ಮಾಡುವ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಕ್ಕೆ ಸಕಾಲದಲ್ಲಿ ದಾಟಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರೂ ಹಳೆಯದೇ. ಮನೆ ಕಂದಾಯದ ರಸೀದಿಯಲ್ಲಿ ಆ ಬಾಬ್ತನ್ನು ಓದುಗರೇ ಒಮ್ಮೆ ಹುಡುಕಿ ನೋಡಬಹುದು.

ಹರ್ನ್ ಹಿಲ್ ಗ್ರಂಥಾಲಯದ ಬಾಗಿಲು ಮತ್ತೆ ತೆರೆದದ್ದು ಸುಮಾರು ಎರಡು ವರ್ಷಗಳ ನಂತರ, 2018ರ ಫೆಬ್ರವರಿಯಲ್ಲಿ. ನೆಲಮಾಳಿಗೆಯನ್ನು ವ್ಯಾಯಾಮಶಾಲೆಗಾಗಿ ಅಗೆದು ಅಗಲಿಸಲಾಗಿತ್ತು. ಗ್ರಂಥಪಾಲಕರು ಇರುವ ಗಂಟೆಗಳು ಮೊದಲಿಗಿಂತ ಬಹಳ ಕಡಿಮೆಯಾಗಿದ್ದವು. ಉಳಿದ ಹೊತ್ತಿನಲ್ಲಿ ಪುಸ್ತಕವನ್ನು ಯಂತ್ರದ ಮುಂದೆ ಹಿಡಿದು ತಾವೇ ದಾಖಲಿಸಿಕೊಂಡು ಒಯ್ಯಬೇಕಿತ್ತು.